ಏರುವ ಮೆಟ್ಟಿಲು, ಇಳಿಯುವ ಮೆಟ್ಟಿಲು: ಪೋಕರ್ ಮೇಜಿನ ಪಣದ ಚರಿತ್ರೆ

2006ರಲ್ಲಿ ಕ್ರಿಸ್ ಫರ್ಗ್ಯುಸನ್ ಎಂಬ ಅಮೆರಿಕದ ಪೋಕರ್ ಆಟಗಾರ ಒಂದು ವಿಚಿತ್ರವಾದ ಪಣ ತೊಟ್ಟರು. ಅವರು ಹೊಸಬರೇನಲ್ಲ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನದ ಡಾಕ್ಟರೇಟ್ ಮಾಡಿದವರು. 2000ದ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯ ಗೆದ್ದು 15 ಲಕ್ಷ ಡಾಲರ್ ಪಡೆದವರು. ತಾವೇ ಪಾಲುದಾರರಾಗಿದ್ದ ಫುಲ್ ಟಿಲ್ಟ್ ಪೋಕರ್ ತಾಣದಲ್ಲಿ ಒಂದು ಪೈಸೆಯನ್ನೂ ಹಾಕದೆ, ಸೊನ್ನೆಯಿಂದ ಆರಂಭಿಸಿ ಹತ್ತು ಸಾವಿರ ಡಾಲರ್ ಮಾಡುತ್ತೇನೆ ಎಂಬುದು ಅವರ ಪಣ. ಕೈಯಲ್ಲಿ ದುಡ್ಡಿಲ್ಲದವನಿಗೆ ಪ್ರವೇಶ ಶುಲ್ಕವಿಲ್ಲದ ಪಂದ್ಯಗಳೇ ಗತಿ. ಸಾವಿರಾರು ಜನ ನುಗ್ಗುವ ಅಂಥ ಪಂದ್ಯಗಳಲ್ಲಿ ಗಂಟೆಗಟ್ಟಲೆ ಆಡಿದರೆ ಸಿಗುವುದು ಒಂದೆರಡು ಡಾಲರ್. ಅದು ಬಂದಷ್ಟೇ ಬೇಗ ಹೋಗುತ್ತಿತ್ತು. ಮೊದಲ ಹಲವು ತಿಂಗಳು ಅವರು ಮತ್ತೆ ಮತ್ತೆ ಸೊನ್ನೆಗೆ ಬಂದು ನಿಂತರು. ಆದರೂ ಸುಮಾರು ಒಂದೂವರೆ ವರ್ಷದಲ್ಲಿ ಗುರಿ ಮುಟ್ಟಿದರು.

ಆ ಹತ್ತು ಸಾವಿರ ಡಾಲರಿಗಿಂತ ಹೆಚ್ಚು ಪ್ರಸಿದ್ಧವಾದದ್ದು ಅವರು ತಮಗೆ ತಾವೇ ಹಾಕಿಕೊಂಡ ನಿಯಮಗಳು. ಒಟ್ಟು ಗಂಟಿನ ಶೇಕಡ 5ಕ್ಕಿಂತ ಹೆಚ್ಚನ್ನು ಯಾವ ಮೇಜಿಗೂ ತರಬಾರದು. ನೂರಾರು ಜನ ಆಡುವ ದೊಡ್ಡ ಪಂದ್ಯಕ್ಕಾದರೆ ಶೇಕಡ 2 ಮಾತ್ರ. ತೀರಾ ತಳದ ಮೇಜುಗಳಿಗೆ ಮಾತ್ರ ಸ್ವಲ್ಪ ರಿಯಾಯಿತಿ. ಇನ್ನು ಮೂರನೆಯದು, ಬಹಳ ಜನ ಮರೆಯುವಂಥದ್ದು: ಗೆಲ್ಲುತ್ತಾ ಗೆಲ್ಲುತ್ತಾ ಮೇಜಿನ ಮೇಲಿರುವ ಹಣ ಒಟ್ಟು ಗಂಟಿನ ಶೇಕಡ 10ನ್ನು ದಾಟಿದರೆ, ಮುಂದಿನ ಬ್ಲೈಂಡ್ ಕಟ್ಟುವ ಸರದಿ ಬಂದ ಕೂಡಲೇ ಎದ್ದು ಹೋಗಬೇಕು. ಗೆಲ್ಲುತ್ತಿರುವಾಗಲೂ ಏಳಬೇಕು, ಏಕೆಂದರೆ ಗೆದ್ದು ಮುಂದೆ ರಾಶಿಯಾದ ಹಣವೂ ಪಣಕ್ಕೆ ಒಡ್ಡಿದ ಹಣವೇ.

ಪೋಕರ್ ಆಡುವವರು ಇದನ್ನು ಬ್ಯಾಂಕ್‌ರೋಲ್ ನಿರ್ವಹಣೆ ಎನ್ನುತ್ತಾರೆ. ಬ್ಯಾಂಕ್‌ರೋಲ್ ಎಂದರೆ ಮನೆ ಖರ್ಚಿನಿಂದ, ಮಕ್ಕಳ ಫೀಸಿನಿಂದ, ಬಾಡಿಗೆಯಿಂದ ಬೇರೆ ಮಾಡಿ, ಆಟಕ್ಕೆಂದೇ ಕಟ್ಟಿಟ್ಟ ಗಂಟು. ಆ ಗಂಟು ಎಷ್ಟಾದಾಗ ಮೇಲಿನ ಮೇಜಿಗೆ ಹೋಗಬಹುದು, ಎಷ್ಟಕ್ಕೆ ಕರಗಿದಾಗ ಕೆಳಗಿನ ಮೇಜಿಗೆ ಬರಬೇಕು ಎಂಬ ಪ್ರಶ್ನೆ ಆನ್‌ಲೈನ್ ಕಾಲದ್ದು ಅನ್ನಿಸಬಹುದು. ಅದರ ಉತ್ತರ ಕಟ್ಟಲು ಮಾತ್ರ ಸುಮಾರು 350 ವರ್ಷ ಹಿಡಿದಿದೆ.

ಸೋಲುತ್ತಾ ಏರಿಸಿದವನು, ಕಲಿತು ಬಂದವನು

ಪಣ ಏರಿಸುವ ತಪ್ಪಿಗೆ ನಮ್ಮಲ್ಲಿ ಧರ್ಮರಾಯನಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಸಭಾಪರ್ವದ ದ್ಯೂತದಲ್ಲಿ ಅವನು ಒಡ್ಡಿದ ಪಣಗಳನ್ನು ಸಾಲಾಗಿ ಇಟ್ಟು ನೋಡಿ: ಮೊದಲು ಮಣಿಹಾರ, ಆಮೇಲೆ ಹೊನ್ನು, ರಥ, ದಾಸದಾಸಿಯರು, ಆನೆ, ಕುದುರೆ, ಭೂಮಿ, ಕೊನೆಗೆ ತಮ್ಮಂದಿರು, ತಾನು, ದ್ರೌಪದಿ. ಸೋತಷ್ಟೂ ಪಣ ದೊಡ್ಡದಾಗುತ್ತಾ ಹೋಯಿತು. ಎದುರಿಗೆ ಕುಳಿತ ಶಕುನಿ ತನಗಿಂತ ಬಲ್ಲವನು ಎಂಬುದು ಅವನಿಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಇದೇ ಮಹಾಭಾರತದ ವನಪರ್ವದಲ್ಲಿ ನಳನ ಕತೆ ಇದೆ. ಪುಷ್ಕರನ ಎದುರು ರಾಜ್ಯ ಸೋತ ನಳ, ದಮಯಂತಿಯನ್ನು ಒಡ್ಡು ಎಂದಾಗ ಒಡ್ಡದೆ ಎದ್ದುಹೋದ. ಮುಂದೆ ಋತುಪರ್ಣನಿಂದ ಅಕ್ಷಹೃದಯ, ಅಂದರೆ ದಾಳದ ಒಳಗುಟ್ಟು, ಕಲಿತ ಮೇಲೆಯೇ ಮತ್ತೆ ಆಡಲು ಬಂದದ್ದು. ಕಲಿತು ಬಂದ ಮೇಲೂ ಎಲ್ಲವನ್ನೂ ಒಂದೇ ಪಣಕ್ಕೆ ಒಡ್ಡಿದ. ಗೆದ್ದ, ನಿಜ. ಆದರೆ ಮುಂದೆ ಬರುವ ಲೆಕ್ಕದ ಪ್ರಕಾರ ಅದೂ ಸರಿಯಾದ ಆಟವಲ್ಲ.

ಆ ಲೆಕ್ಕ ಶುರುವಾಗುವುದು 17ನೇ ಶತಮಾನದ ಯುರೋಪಿನಲ್ಲಿ. 1657ರಲ್ಲಿ ಡಚ್ ವಿಜ್ಞಾನಿ ಕ್ರಿಶ್ಚಿಯನ್ ಹೈಗೆನ್ಸ್ ಜೂಜಿನ ಲೆಕ್ಕಾಚಾರದ ಮೇಲೆ ಪುಟ್ಟ ಪುಸ್ತಕವೊಂದನ್ನು ಪ್ರಕಟಿಸಿದರು. ಅದರ ಕೊನೆಯಲ್ಲಿ ಓದುಗರಿಗೆ ಬಿಟ್ಟ ಐದು ಸಮಸ್ಯೆಗಳಲ್ಲಿ ಐದನೆಯದು, ಪಾಸ್ಕಲ್ ಫರ್ಮಾಗೆ ಒಡ್ಡಿದ್ದ ಸವಾಲು. ಇಬ್ಬರು ಆಟಗಾರರು, ತಲಾ 12 ಬಿಲ್ಲೆಗಳು, ಒಬ್ಬನ ಬಿಲ್ಲೆ ಪೂರ್ತಿ ಖಾಲಿಯಾಗುವ ತನಕ ಆಟ. ಯಾರು ದಿವಾಳಿಯಾಗುವ ಸಾಧ್ಯತೆ ಎಷ್ಟು? ಇದೇ ಮುಂದೆ ‘ಜೂಜುಕೋರನ ದಿವಾಳಿ’ ಎಂಬ ಹೆಸರಿನ ಗಣಿತವಾಯಿತು. ಅದು ಹೇಳುವ ಕಹಿ ಸತ್ಯ ಇಷ್ಟು: ಆಟ ಸಂಪೂರ್ಣ ನ್ಯಾಯವಾಗಿದ್ದರೂ, ನಿಮ್ಮ ಬಳಿ 1,000 ರೂಪಾಯಿ, ಎದುರಾಳಿಯ ಬಳಿ 9,000 ರೂಪಾಯಿ ಇದ್ದು, ರೂಪಾಯಿಗೊಂದು ಕೈಯಂತೆ ಕೊನೆಯ ತನಕ ಆಡಿದರೆ, ಹತ್ತಕ್ಕೆ ಒಂಬತ್ತು ಸಲ ಬರಿಗೈಯಾಗುವವರು ನೀವೇ. ಚಾಣಾಕ್ಷತೆ ಸಮವಿದ್ದಾಗ ಚಿಕ್ಕ ಗಂಟು ಮೊದಲು ಮುಗಿಯುತ್ತದೆ.

1738ರಲ್ಲಿ ಡೇನಿಯಲ್ ಬರ್ನೂಲಿ ಇದಕ್ಕೆ ಇನ್ನೊಂದು ಮಾತು ಸೇರಿಸಿದರು. ಒಂದು ರೂಪಾಯಿಯ ಬೆಲೆ ಎಲ್ಲರಿಗೂ ಒಂದೇ ಅಲ್ಲ, ಅದು ನಿಮ್ಮ ಬಳಿ ಆಗಲೇ ಎಷ್ಟಿದೆ ಎಂಬುದರ ಮೇಲೆ ನಿಂತಿದೆ. ಹಾಗಾಗಿ ಪಣ ದೊಡ್ಡದೋ ಚಿಕ್ಕದೋ ಎಂದು ಬರೀ ಮೊತ್ತ ನೋಡಿ ಹೇಳಲಾಗದು. ಗಂಟಿಗೆ ಹೋಲಿಸಿಯೇ ಹೇಳಬೇಕು.

ಟೆಲಿಫೋನ್ ಕಂಪನಿಯ ಸೂತ್ರ

ಎಷ್ಟು ಒಡ್ಡಬೇಕು ಎಂಬುದಕ್ಕೆ ನೇರ ಉತ್ತರ ಬಂದದ್ದು 1956ರಲ್ಲಿ, ಅದೂ ಅಮೆರಿಕದ ಟೆಲಿಫೋನ್ ಸಂಸ್ಥೆಯ ಬೆಲ್ ಪ್ರಯೋಗಾಲಯದಿಂದ. ಜಾನ್ ಕೆಲ್ಲಿ ಎಂಬ ಟೆಕ್ಸಾಸಿನ ವಿಜ್ಞಾನಿ ಅಲ್ಲಿನ ತಾಂತ್ರಿಕ ಪತ್ರಿಕೆಯಲ್ಲಿ ಬರೆದ ಲೇಖನದ ಶೀರ್ಷಿಕೆಯಲ್ಲಿ ಮೊದಲು ಜೂಜು ಎಂಬ ಪದವಿತ್ತು. ಕಂಪನಿಯ ಮೇಲಿನವರಿಗೆ ಅದು ಹಿಡಿಸದೆ ಶೀರ್ಷಿಕೆ ಬದಲಾಯಿತು. ಕೆಲ್ಲಿ 1965ರಲ್ಲಿ, 41ನೇ ವಯಸ್ಸಿನಲ್ಲಿ, ನ್ಯೂಯಾರ್ಕಿನ ರಸ್ತೆಬದಿಯಲ್ಲಿ ಕುಸಿದು ತೀರಿಕೊಂಡರು. ತಮ್ಮ ಸೂತ್ರ ಜಗತ್ತಿನ ಜೂಜುಮನೆಗಳನ್ನೂ ಷೇರುಪೇಟೆಗಳನ್ನೂ ಹೊಕ್ಕದ್ದನ್ನು ಅವರು ನೋಡಲಿಲ್ಲ.

ಸೂತ್ರವನ್ನು ಒಂದು ಉದಾಹರಣೆಯಲ್ಲಿ ಹೇಳಬಹುದು. ನಿಮ್ಮ ಬಳಿ ಒಂದು ಲಕ್ಷ ರೂಪಾಯಿ ಇದೆ. ನೂರಕ್ಕೆ 55 ಸಲ ನೀವು ಗೆಲ್ಲುವ, 45 ಸಲ ಸೋಲುವ ಆಟ ಸಿಕ್ಕಿದೆ. ಗೆದ್ದರೆ ಒಡ್ಡಿದಷ್ಟೇ ಸಿಗುತ್ತದೆ. ಪ್ರತಿ ಸಲ ಎಷ್ಟು ಒಡ್ಡಬೇಕು? ಕೆಲ್ಲಿಯ ಉತ್ತರ: ಗಂಟಿನ ಶೇಕಡ 10, ಅಂದರೆ ಮೊದಲ ಸಲ 10,000. ಸೋತರೆ ಗಂಟು 90,000 ಆಯಿತು, ಮುಂದಿನ ಪಣ 9,000. ಗೆದ್ದರೆ ಗಂಟು 1,10,000, ಪಣ 11,000. ಹೀಗೆ ಆಡಿದರೆ ದೀರ್ಘಕಾಲದಲ್ಲಿ ಗಂಟು ಪ್ರತಿ ಆಟಕ್ಕೆ ಸುಮಾರು ಅರ್ಧ ಶೇಕಡದಂತೆ ಬೆಳೆಯುತ್ತದೆ. ಶೇಕಡ 20 ಒಡ್ಡಿದರೆ? ಬೆಳವಣಿಗೆ ಹೆಚ್ಚುಕಡಿಮೆ ಸೊನ್ನೆ. ಶೇಕಡ 30 ಒಡ್ಡಿದರೆ, ನೆನಪಿಡಿ, ನಿಮ್ಮ ಪರವಾಗಿಯೇ ಇರುವ ಆಟದಲ್ಲಿ, ಗಂಟು ಕರಗುತ್ತಾ ಹೋಗುತ್ತದೆ. ಚೆನ್ನಾಗಿ ಆಡುವವರೂ ದಿವಾಳಿಯಾಗುವುದು ಹೀಗೆ. ನಳನ ಒಂದೇ ಪಣ ತಪ್ಪು ಎಂದದ್ದೂ ಇದಕ್ಕೇ.

ಈ ಸೂತ್ರದಲ್ಲಿ ಎರಡು ಮಾತು ಅಡಗಿವೆ. ಒಂದು, ಸೋತಾಗ ಪಣ ತಾನಾಗಿ ಇಳಿಯುತ್ತದೆ. ಇಳಿಯುವುದು ಅವಮಾನವಲ್ಲ, ಲೆಕ್ಕದ ಒಂದು ಭಾಗ. ಎರಡು, ಆಟ ನಿಮ್ಮ ಪರವಾಗಿ ಇಲ್ಲದಿದ್ದರೆ ಸೂತ್ರ ಕೊಡುವ ಉತ್ತರ ಸೊನ್ನೆ. ಒಡ್ಡಲೇಬೇಡ.

ಇದನ್ನು ಕಾಗದದಿಂದ ಮೇಜಿಗೆ ತಂದವರು ಎಡ್ವರ್ಡ್ ಥಾರ್ಪ್. ಬ್ಲ್ಯಾಕ್‌ಜ್ಯಾಕ್ ಆಟದಲ್ಲಿ ಹೋದ ಎಲೆಗಳನ್ನು ಎಣಿಸಿ ಕ್ಯಾಸಿನೋವನ್ನು ಸೋಲಿಸಬಹುದು ಎಂದು ಎಂಐಟಿಯಲ್ಲಿದ್ದಾಗ ಲೆಕ್ಕ ಹಾಕಿದ ಗಣಿತಜ್ಞ. ಕೆಲ್ಲಿಯ ಲೇಖನವನ್ನು ಅವರಿಗೆ ತೋರಿಸಿದವರು ಕ್ಲಾಡ್ ಶಾನನ್. 1961ರಲ್ಲಿ ಇಬ್ಬರು ಶ್ರೀಮಂತ ಜೂಜುಕೋರರು ಥಾರ್ಪ್‌ಗೆ ಒಂದು ಲಕ್ಷ ಡಾಲರ್ ಕೊಟ್ಟು ನೆವಾಡಾಕ್ಕೆ ಕರೆದೊಯ್ಯಲು ಮುಂದೆ ಬಂದರು. ಥಾರ್ಪ್ ಹತ್ತು ಸಾವಿರ ಸಾಕೆಂದರು. ಅಲ್ಲಿ ಹೋಗಿಯೂ ಮೊದಲು ಆಡಿದ್ದು ಚಿಲ್ಲರೆ ಪಣಕ್ಕೆ. ದುಡ್ಡು ಕೊಟ್ಟವರಿಗೆ ತಾಳ್ಮೆ ತಪ್ಪುತ್ತಿತ್ತು. ಥಾರ್ಪ್ ಮಾತ್ರ ಆ ಮಟ್ಟದಲ್ಲಿ ಮನಸ್ಸು ತಣ್ಣಗಿರುವುದು ಖಚಿತವಾದ ಮೇಲೆಯೇ ಮುಂದಿನ ಮಟ್ಟಕ್ಕೆ ಹೋದರು. ಕೊನೆಗೆ ಒಂದು ಕೈಗೆ 500 ಡಾಲರ್ ತನಕ ಏರಿಸಿ, ಹತ್ತು ಸಾವಿರವನ್ನು ಇಪ್ಪತ್ತೊಂದು ಸಾವಿರ ಮಾಡಿಕೊಂಡು ಬಂದರು. ಗಂಟು ಸಾಕಷ್ಟಿದ್ದರೂ ಮನಸ್ಸು ಸಿದ್ಧವಾಗದೆ ಮೇಲೇರಬಾರದು ಎಂಬ ಪಾಠ ಬಂದದ್ದು ಇಲ್ಲಿಂದ.

ಮೇಲೇರುವುದನ್ನೇ ಅಸ್ತ್ರ ಮಾಡಿಕೊಂಡಾಗ

ಲಾಸ್ ವೇಗಸ್‌ನ ಪೋಕರ್ ಕೋಣೆಗಳಲ್ಲಿ ಈ ಲೆಕ್ಕ ಬಲ್ಲವರು ಕಡಿಮೆ, ನಡೆದ ಕತೆಗಳು ಹೆಚ್ಚು. ಆರ್ಚಿ ಕರಾಸ್ ಎಂಬ ಗ್ರೀಕ್ ಮೂಲದ ಜೂಜುಕೋರ 1992ರ ಡಿಸೆಂಬರಿನಲ್ಲಿ 50 ಡಾಲರ್ ಹಿಡಿದು ಆ ಊರಿಗೆ ಬಂದರು. ಹತ್ತು ಸಾವಿರ ಸಾಲ ಪಡೆದು, ಪೂಲ್ ಮತ್ತು ಪೋಕರ್ ಆಡುತ್ತಾ, ಪ್ರತಿ ಗೆಲುವಿಗೂ ಪಣ ಏರಿಸುತ್ತಾ, ಸುಮಾರು 4 ಕೋಟಿ ಡಾಲರ್ ಮಾಡಿದರು ಎನ್ನುತ್ತಾರೆ. 1995ರ ಹೊತ್ತಿಗೆ ಅಷ್ಟೂ ಹೋಗಿತ್ತು, ಹೆಚ್ಚಿನದು ದಾಳದಲ್ಲಿ ಮತ್ತು ಬ್ಯಾಕರಾದಲ್ಲಿ. ಪೋಕರ್‌ನಲ್ಲಿ ಅವರ ಕೈ ಮೇಲಿತ್ತು, ಆ ಎರಡು ಆಟಗಳಲ್ಲಿ ಯಾವತ್ತಿದ್ದರೂ ಮನೆಯ ಕೈಯೇ ಮೇಲು. ಅಲ್ಲಿ ಸಾಕಾಗುವ ಗಂಟು ಎಂಬುದೇ ಇಲ್ಲ.

ಇನ್ನೊಂದು ಕತೆ ಡಲಾಸಿನ ಬ್ಯಾಂಕರ್ ಆಂಡಿ ಬೀಲ್ ಅವರದು. 2001ರಿಂದ ಅವರು ಲಾಸ್ ವೇಗಸ್‌ನ ಬೆಲಾಜಿಯೋದಲ್ಲಿ ಜಗತ್ತಿನ ಅತ್ಯುತ್ತಮ ಆಟಗಾರರನ್ನು ಒಬ್ಬೊಬ್ಬರಾಗಿ ಎದುರಿಸತೊಡಗಿದರು. ತಮ್ಮ ಆಟ ಅವರಷ್ಟಿಲ್ಲ ಎಂದು ಬೀಲ್‌ಗೆ ಗೊತ್ತಿತ್ತು. ಆದರೆ ತಮ್ಮ ಗಂಟು ಅವರೆಲ್ಲರಿಗಿಂತ ದೊಡ್ಡದು ಎಂಬುದೂ ಗೊತ್ತಿತ್ತು. ಅವರಿಗೆ ಕೈ ನಡುಗುವಷ್ಟು ಪಣ ಏರಿಸಿದರೆ ಅವರ ಚಾಣಾಕ್ಷತೆ ಕೆಲಸಕ್ಕೆ ಬಾರದು ಎಂಬುದು ಬೀಲ್ ಅವರ ಎಣಿಕೆ. ಹೈಗೆನ್ಸ್ ಲೆಕ್ಕದ ಸಿರಿವಂತರ ಆವೃತ್ತಿ ಅದು. 2004ರಲ್ಲಿ ಪಣ ಒಂದು ಲಕ್ಷ–ಎರಡು ಲಕ್ಷ ಡಾಲರಿನ ಮಟ್ಟ ಮುಟ್ಟಿತು. ವೃತ್ತಿಪರರು ಏನು ಮಾಡಿದರು? ಚೀಟಿ ಹಾಕುವವರಂತೆ ಎಲ್ಲರೂ ಹಣ ಕೂಡಿಸಿ, ತಮ್ಮನ್ನು ತಾವೇ ‘ಕಾರ್ಪೊರೇಷನ್’ ಎಂದು ಕರೆದುಕೊಂಡು, ಒಬ್ಬರಾದ ಮೇಲೊಬ್ಬರು ಆಡಿದರು. 2006ರ ಫೆಬ್ರವರಿಯಲ್ಲಿ ಫಿಲ್ ಐವಿ ಮೂರು ದಿನಗಳಲ್ಲಿ ಬೀಲ್ ಅವರಿಂದ 1.66 ಕೋಟಿ ಡಾಲರ್ ಗೆದ್ದರು. ಒಬ್ಬರ ಗಂಟು ಸಾಲದ ಮೇಜಿಗೆ ಹತ್ತು ಜನರ ಗಂಟು ಸೇರಿ ಹೋಯಿತು.

ಸೆಂಟಿನ ಮೇಜು

1998ರ ಜನವರಿ 1ರಂದು ಪ್ಲ್ಯಾನೆಟ್ ಪೋಕರ್ ಎಂಬ ತಾಣ ಅಂತರ್ಜಾಲದಲ್ಲಿ ನಿಜವಾದ ಹಣದ ಮೊದಲ ಪೋಕರ್ ಆಟ ನಡೆಸಿತು. 2003ರಲ್ಲಿ ಟೆನೆಸ್ಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್ 86 ಡಾಲರಿನ ಆನ್‌ಲೈನ್ ಪಂದ್ಯದಿಂದ ಅರ್ಹತೆ ಪಡೆದು, 839 ಜನ ಆಡಿದ ವಿಶ್ವ ಪಂದ್ಯದಲ್ಲಿ 25 ಲಕ್ಷ ಡಾಲರ್ ಗೆದ್ದ ಮೇಲೆ ಜನ ನುಗ್ಗಿ ಬಂದರು.

ಕ್ಯಾಸಿನೋದಲ್ಲಿ ಮೇಜು, ಕುರ್ಚಿ, ಎಲೆ ಹಂಚುವವರ ಸಂಬಳ ಹುಟ್ಟಬೇಕು. ಹಾಗಾಗಿ ಅಲ್ಲಿ ಒಂದು ಮಟ್ಟಕ್ಕಿಂತ ಚಿಕ್ಕ ಪಣ ನಡೆಯುವುದಿಲ್ಲ. ಅಂತರ್ಜಾಲದಲ್ಲಿ ಒಂದು ಸೆಂಟ್–ಎರಡು ಸೆಂಟ್ ಬ್ಲೈಂಡಿನ ಮೇಜೂ ಇತ್ತು, ಐನೂರು–ಸಾವಿರ ಡಾಲರಿನ ಮೇಜೂ ಇತ್ತು. ನಡುವೆ ಹತ್ತಾರು ಮೆಟ್ಟಿಲು. ಎರಡು ಡಾಲರ್ ಹಿಡಿದು ಕೂತವನಿಗೂ ಮೇಲಿನ ಮೇಜು ಒಂದು ಕ್ಲಿಕ್ ದೂರದಲ್ಲಿ. ಮೇಲೇರುವ ಪ್ರಶ್ನೆ ಪ್ರತಿದಿನದ ಪ್ರಶ್ನೆಯಾದದ್ದು ಹೀಗೆ.

ಎರಡನೆಯ ಬದಲಾವಣೆ ವೇಗ. ಕ್ಯಾಸಿನೋದಲ್ಲಿ ಗಂಟೆಗೆ 25–30 ಕೈ ಆಡಬಹುದು. ಆನ್‌ಲೈನಿನಲ್ಲಿ ನಾಲ್ಕು ಮೇಜು ತೆರೆದು ಕೂತರೆ 250 ದಾಟುತ್ತದೆ. ಹತ್ತು ಸಾವಿರ ಕೈ ಅಲ್ಲಿ 400 ಗಂಟೆಯ ಕೆಲಸ, ಇಲ್ಲಿ 40 ಗಂಟೆಯದು. ಜೊತೆಗೆ ಪ್ರತಿ ಕೈಯ ದಾಖಲೆ ಉಳಿಯುತ್ತದೆ. ಮೊದಲ ಬಾರಿಗೆ ಸಾಮಾನ್ಯ ಆಟಗಾರನೂ ತಾನು ನಿಜಕ್ಕೂ ಗೆಲ್ಲುವವನೇ ಎಂದು ಅಳೆದು ನೋಡಬಹುದಾಯಿತು.

ಅಳೆದಾಗ ಕಂಡದ್ದು ಎದೆ ನಡುಗಿಸುವಂಥದ್ದು. ಒಬ್ಬ ಒಳ್ಳೆಯ ಆಟಗಾರ ನೂರು ಕೈಗೆ ಸರಾಸರಿ 5 ದೊಡ್ಡ ಬ್ಲೈಂಡ್ ಗೆಲ್ಲುತ್ತಾನೆ ಎನ್ನೋಣ. ನೂರು ಕೈಗಳಲ್ಲಿ ಫಲಿತಾಂಶ ಆಚೀಚೆ ತೂಗುವುದು ಸುಮಾರು 100 ಬ್ಲೈಂಡಿನಷ್ಟು. ಈ ಲೆಕ್ಕದಲ್ಲಿ ಹತ್ತು ಸಾವಿರ ಕೈ ಆಡಿದ ಮೇಲೂ ಅವನು ನಷ್ಟದಲ್ಲಿರುವ ಸಾಧ್ಯತೆ ಶೇಕಡ 31. ಒಂದು ಲಕ್ಷ ಕೈಗಳಾದ ಮೇಲೂ ಶೇಕಡ 6ರ ಹತ್ತಿರ. ಅಂದರೆ ಒಂದು ವಾರ, ಒಂದು ತಿಂಗಳು ಗೆದ್ದವನು ಒಳ್ಳೆಯ ಆಟಗಾರನೇ ಆಗಿರಬೇಕಿಲ್ಲ. ಮೇಲೇರಲು ಹೊರಡುವ ಬಹುಪಾಲು ಜನ ನೋಡುವುದು ಈ ಒಂದು ವಾರವನ್ನೇ.

ಗಂಟು ಎಷ್ಟಿರಬೇಕು ಎಂಬುದೂ ಇದೇ ಲೆಕ್ಕದಿಂದ ಬರುತ್ತದೆ. ಒಂದು ಬೈ-ಇನ್ ಎಂದರೆ ಮೇಜಿಗೆ ತರುವ 100 ಬ್ಲೈಂಡ್. ಮೇಲೆ ಹೇಳಿದ ಆಟಗಾರನ ಬಳಿ 20 ಬೈ-ಇನ್ ಇದ್ದು, ಅವನು ಎಂದೂ ಕೆಳಗಿಳಿಯದೆ ಅದೇ ಮೇಜಿನಲ್ಲಿ ಆಡುತ್ತಾ ಹೋದರೆ, ದಿವಾಳಿಯಾಗುವ ಸಾಧ್ಯತೆ ಶೇಕಡ 13–14. 40 ಬೈ-ಇನ್ ಇದ್ದರೆ ಶೇಕಡ 2ಕ್ಕಿಂತ ಕಡಿಮೆ. ಈಗ ಅವನು ಮೇಲಿನ ಮೇಜಿಗೆ ಹೋದ. ಅಲ್ಲಿ ಎದುರಾಳಿಗಳು ಗಟ್ಟಿ, ಗೆಲುವಿನ ಸರಾಸರಿ 5ರಿಂದ 2.5ಕ್ಕೆ ಇಳಿಯಿತು. ಅದೇ 20 ಬೈ-ಇನ್‌ಗೆ ದಿವಾಳಿಯ ಸಾಧ್ಯತೆ ಶೇಕಡ 37ಕ್ಕೆ ನೆಗೆಯುತ್ತದೆ. ಮೇಲೆ ಹೋದಂತೆ ಬೇಕಾಗುವ ಬೈ-ಇನ್‌ಗಳ ಸಂಖ್ಯೆ ಹೆಚ್ಚಬೇಕು, ಅದೇ ಸಂಖ್ಯೆ ಸಾಲದು.

ಈ ಅನುಭವದಿಂದ ಹುಟ್ಟಿದ್ದು ‘ಶಾಟ್’ ಹೊಡೆಯುವ ಪದ್ಧತಿ. 25 ಡಾಲರಿನ ಮೇಜಿನಲ್ಲಿ ಆಡುವವರ ಗಂಟು 1,250 ಆಯಿತು ಎನ್ನೋಣ. 50 ಡಾಲರಿನ ಮೇಜಿಗೆ ಇದು 25 ಬೈ-ಇನ್. ಅವರು ಮೇಲೆ ಹೋಗುತ್ತಾರೆ, ಆದರೆ ಹೋಗುವ ಮುಂಚೆಯೇ ಬರೆದಿಡುತ್ತಾರೆ: ಐದು ಬೈ-ಇನ್ ಸೋತು ಗಂಟು 1,000ಕ್ಕೆ ಬಂದರೆ ಮರುಮಾತಿಲ್ಲದೆ ವಾಪಸ್. ಕೆಳಗಿನ ಮೇಜಿಗೆ ಆ 1,000 ಇನ್ನೂ 40 ಬೈ-ಇನ್. ಏನೂ ಮುಳುಗಿಲ್ಲ. ಬೆಳೆಸಿಕೊಂಡು ಇನ್ನೊಮ್ಮೆ ಬರಬಹುದು. ಏರುವ ಸಂಖ್ಯೆಗಿಂತ ಇಳಿಯುವ ಸಂಖ್ಯೆಗೆ ಇಲ್ಲಿ ಬೆಲೆ ಹೆಚ್ಚು.

2009ರ ಚಳಿಗಾಲ

ಇಳಿಯುವ ಸಂಖ್ಯೆ ಇಲ್ಲದೆ ಆಡಿದರೆ ಏನಾಗುತ್ತದೆ ಎಂಬುದನ್ನು ಜಗತ್ತು ಕಂಡದ್ದು 2009ರಲ್ಲಿ. ‘ಇಸಿಲ್ಡುರ್1’ ಎಂಬ ಹೆಸರಿನ ಖಾತೆಯೊಂದು ಫುಲ್ ಟಿಲ್ಟ್‌ನ ಅತಿ ದೊಡ್ಡ ಮೇಜುಗಳಲ್ಲಿ ಕಾಣಿಸಿಕೊಂಡಿತು. ಹಿಂದೆ ಯಾರಿದ್ದಾರೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಸ್ವೀಡನ್ನಿನ ವಿಕ್ಟರ್ ಬ್ಲೋಮ್ ಎಂಬ ಹತ್ತೊಂಬತ್ತು ವರ್ಷದ ಹುಡುಗ ಎಂದು ಬಹಿರಂಗವಾದದ್ದು 2011ರಲ್ಲಿ. ಅವರು ಹಲವು ಮೇಜುಗಳನ್ನು ಒಟ್ಟಿಗೇ ತೆರೆದು ಘಟಾನುಘಟಿಗಳನ್ನು ಎದುರಿಸಿದರು, ಲಕ್ಷಗಟ್ಟಲೆ ಡಾಲರ್ ಗೆದ್ದರು. ನವೆಂಬರ್ 21ರಂದು ಪ್ಯಾಟ್ರಿಕ್ ಆಂಟೋನಿಯಸ್ ಎದುರು ಒಂದೇ ಕೈಯಲ್ಲಿ 13.5 ಲಕ್ಷ ಡಾಲರ್ ದಾಟಿದ ರಾಶಿಯನ್ನು ಕಳೆದುಕೊಂಡರು. ಡಿಸೆಂಬರ್ 8ರಂದು ಬ್ರಯನ್ ಹೇಸ್ಟಿಂಗ್ಸ್ ಕೆಲವೇ ಗಂಟೆಗಳಲ್ಲಿ ಬ್ಲೋಮ್ ಅವರಿಂದ ಸುಮಾರು 42 ಲಕ್ಷ ಡಾಲರ್ ಗೆದ್ದರು.

ಮೊತ್ತ ತೆಗೆದಿಟ್ಟು ಬೈ-ಇನ್‌ನಲ್ಲಿ ಎಣಿಸಿ. ಐನೂರು–ಸಾವಿರದ ಮೇಜಿನಲ್ಲಿ ಒಂದು ಬೈ-ಇನ್ ಒಂದು ಲಕ್ಷ ಡಾಲರ್, ಅಂದರೆ ಆ ದಿನದ ಸೋಲು 42 ಬೈ-ಇನ್. ಆಟವೂ ನಾಲ್ಕೆಲೆಯ ಒಮಾಹ, ಅದರ ತೂಗಾಟ ಎರಡೆಲೆಯ ಹೋಲ್ಡೆಮ್‌ಗಿಂತ ಜೋರು. 25 ಡಾಲರಿನ ಮೇಜಿನಲ್ಲಿ ಇದು 1,050 ಡಾಲರಿನ ಸೋಲು, ಯಾರೂ ಸುದ್ದಿ ಮಾಡುತ್ತಿರಲಿಲ್ಲ. ಬ್ಲೋಮ್ ಪ್ರತಿಭೆಯ ಬಗ್ಗೆ ಅಂದೂ ಇಂದೂ ಯಾರಿಗೂ ಅನುಮಾನವಿಲ್ಲ. ಹೇಸ್ಟಿಂಗ್ಸ್ ಮಾತ್ರ ಆ ದಿನಕ್ಕೆ ಮುಂಚೆ ತಮ್ಮ ಸಂಗಡಿಗರೊಂದಿಗೆ ಕೂತು ಬ್ಲೋಮ್ ಆಡಿದ ಕೈಗಳನ್ನು ಅಧ್ಯಯನ ಮಾಡಿ ಬಂದಿದ್ದರು. ಮೇಲಿನ ಮೇಜಿನಲ್ಲಿ ಇರುವ ವ್ಯತ್ಯಾಸವೇ ಇದು: ಅಲ್ಲಿ ಕೂತವರು ನಿಮ್ಮನ್ನು ಓದಿಕೊಂಡು ಬಂದಿರುತ್ತಾರೆ.

ಗಂಟು ಇದ್ದದ್ದು ಎಲ್ಲಿ?

2011ರ ಏಪ್ರಿಲ್ 15ರಂದು ಅಮೆರಿಕದ ನ್ಯಾಯ ಇಲಾಖೆ ಮೂರು ದೊಡ್ಡ ಪೋಕರ್ ತಾಣಗಳ ಮೇಲೆ ಮೊಕದ್ದಮೆ ಹೂಡಿ ಅವುಗಳ ವಿಳಾಸಗಳನ್ನು ವಶಪಡಿಸಿಕೊಂಡಿತು. ಆಟಗಾರರ ಪಾಲಿಗೆ ಅದು ಕರಾಳ ಶುಕ್ರವಾರ. ಪೋಕರ್‌ಸ್ಟಾರ್ಸ್ ಆಟಗಾರರ ಹಣವನ್ನು ಬೇರೆಯಾಗಿ ಇಟ್ಟಿತ್ತು, ಕೆಲವೇ ವಾರಗಳಲ್ಲಿ ಅಮೆರಿಕದವರಿಗೆ ವಾಪಸ್ ಕೊಡತೊಡಗಿತು. ಫುಲ್ ಟಿಲ್ಟ್ ಕೊಡಲಿಲ್ಲ. ಸೆಪ್ಟೆಂಬರಿನಲ್ಲಿ ಇಲಾಖೆ ಹೇಳಿದ್ದೇನೆಂದರೆ, ಆ ತಾಣ ಆಟಗಾರರಿಗೆ ಕೊಡಬೇಕಾದದ್ದು ಸುಮಾರು 39 ಕೋಟಿ ಡಾಲರ್, ಮಾರ್ಚ್ ಕೊನೆಗೆ ಬ್ಯಾಂಕಿನಲ್ಲಿ ಇದ್ದದ್ದು ಸುಮಾರು 6 ಕೋಟಿ. ಆ ಸಿವಿಲ್ ದಾವೆಯಲ್ಲಿ ಹೆಸರಿಸಿದವರಲ್ಲಿ ಶೇಕಡ 5ರ ನಿಯಮದ ಕ್ರಿಸ್ ಫರ್ಗ್ಯುಸನ್ ಕೂಡ ಒಬ್ಬರು. 2013ರಲ್ಲಿ ಅವರು ತಪ್ಪೊಪ್ಪಿಕೊಳ್ಳದೆ ರಾಜಿ ಮಾಡಿಕೊಂಡರು. 2012ರಲ್ಲಿ ಪೋಕರ್‌ಸ್ಟಾರ್ಸ್ ಫುಲ್ ಟಿಲ್ಟ್ ಅನ್ನು ಕೊಂಡದ್ದರಿಂದ ಆಟಗಾರರ ಹಣ ಉಳಿಯಿತು. ಅಮೆರಿಕದವರಿಗೆ ಮೊದಲ ಕಂತು ಕೈಸೇರಿದ್ದು 2014ರಲ್ಲಿ.

ಫರ್ಗ್ಯುಸನ್ ನಿಯಮಗಳು ಇದರಿಂದ ಸುಳ್ಳಾಗುವುದಿಲ್ಲ. ಆದರೆ ಅವು ಹೇಳದೆ ಬಿಟ್ಟ ಒಂದು ಷರತ್ತು ಬೆಳಕಿಗೆ ಬಂತು. ಪರದೆಯ ಮೇಲೆ ಕಾಣುವ ಸಂಖ್ಯೆ ಗಂಟಲ್ಲ. ಅದು ಗಂಟು ಕೊಡುತ್ತೇವೆ ಎಂದು ಇನ್ನೊಬ್ಬರು ಹೇಳಿದ ಮಾತು. ಗಂಟಿನ ಶೇಕಡ 5 ಮಾತ್ರ ಮೇಜಿಗೆ ತಂದು, ಮಿಕ್ಕ 95ನ್ನು ಅದೇ ತಾಣದಲ್ಲಿ ಬಿಟ್ಟವರು, ತಾವು ಊಹಿಸದೇ ಇದ್ದ ಪಣಕ್ಕೆ ಪೂರ್ತಿ ನೂರನ್ನೂ ಒಡ್ಡಿದ್ದರು.

ನಮ್ಮಲ್ಲಿ

ನಮ್ಮ ದೇಶದಲ್ಲಿ ಈ ಆಟದ ಚರಿತ್ರೆ ನ್ಯಾಯಾಲಯಗಳ ಚರಿತ್ರೆಯೂ ಹೌದು. ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದಿತು. ತೆಲಂಗಾಣ 2017ರಲ್ಲಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ಅಂಥದೇ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಮಾಡಿತು. ತಮಿಳುನಾಡಿನ ಕಾನೂನಿನ ಬಗ್ಗೆ ಮದ್ರಾಸ್ ಹೈಕೋರ್ಟ್ 2023ರಲ್ಲಿ ರಮ್ಮಿ, ಪೋಕರ್ ಎರಡನ್ನೂ ಕೌಶಲದ ಆಟಗಳೆಂದು ಹೇಳಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಬದಿಗಿಟ್ಟು, ಹಣ ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಹೋದವು.

ಆಟ ನಿಂತರೂ ಲೆಕ್ಕ ನಿಲ್ಲುವುದಿಲ್ಲ, ಏಕೆಂದರೆ ಮೆಟ್ಟಿಲುಗಳಿರುವುದು ಪೋಕರ್‌ನಲ್ಲಿ ಮಾತ್ರವಲ್ಲ. ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರದಲ್ಲಿ 2022ರಿಂದ 2024ರ ತನಕದ ಮೂರು ಹಣಕಾಸು ವರ್ಷಗಳಲ್ಲಿ ಬಿಡಿ ವ್ಯಾಪಾರಿಗಳ ಪೈಕಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದರು ಎಂದು ಸೆಬಿಯೇ ಲೆಕ್ಕ ಕೊಟ್ಟಿದೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಅಲ್ಲಿ ಒಂದು ತಿಂಗಳ ಲಾಭ ನೋಡಿ ಎರಡು ಲಾಟ್‌ನಿಂದ ಹತ್ತು ಲಾಟ್‌ಗೆ ಹೋಗುವವರ ಪ್ರಶ್ನೆಯೂ ಇದೇ. ಅವರಿಗೂ ಕೆಲ್ಲಿಯ ಎರಡನೆಯ ಮಾತು ಮೊದಲು ಅನ್ವಯಿಸುತ್ತದೆ: ಆಟ ನಿಮ್ಮ ಪರವಾಗಿ ಇದೆ ಎಂದು ತೋರಿಸುವ ದಾಖಲೆ ಇಲ್ಲದಿದ್ದರೆ ಸರಿಯಾದ ಪಣ ಸೊನ್ನೆ. ಪೋಕರ್‌ನಲ್ಲಿ ಮನೆಯ ಪಾಲು, ಪೇಟೆಯಲ್ಲಿ ದಲ್ಲಾಳಿ ಶುಲ್ಕ ಮತ್ತು ತೆರಿಗೆ ಕಳೆದ ಮೇಲೆ ಉಳಿದದ್ದನ್ನೇ ದಾಖಲೆ ಎನ್ನಬೇಕು.

ದಾಖಲೆ ಇದ್ದರೆ ಉಳಿದದ್ದು ಕಷ್ಟವಲ್ಲ. ಮನೆಯ ದುಡ್ಡನ್ನು ಸೇರಿಸದ ಗಂಟು ಎಷ್ಟು, ಅದರಲ್ಲಿ ಎಷ್ಟು ನಿಜಕ್ಕೂ ನಿಮ್ಮ ಕೈಯಲ್ಲಿದೆ, ಮೇಲಿನ ಮೇಜಿನಲ್ಲಿ ಎಷ್ಟು ಸೋತರೆ ಇಳಿಯುತ್ತೀರಿ ಎಂಬ ಮೂರು ಸಂಖ್ಯೆ. ಕನ್ನಡದಲ್ಲಿ ಪಣ ಎಂಬ ಒಂದೇ ಪದಕ್ಕೆ ಒಡ್ಡುವ ಹಣ ಎಂದೂ ಅರ್ಥ, ತೊಡುವ ಪ್ರತಿಜ್ಞೆ ಎಂದೂ ಅರ್ಥ. ಮೂರನೆಯ ಸಂಖ್ಯೆಯನ್ನು ಗೆಲ್ಲುತ್ತಿರುವ ದಿನ, ಮನಸ್ಸು ತಣ್ಣಗಿರುವಾಗ, ಕಾಗದದ ಮೇಲೆ ಬರೆದಿಡಬೇಕು. ಸೋಲುತ್ತಿರುವ ರಾತ್ರಿ ಯಾರೂ ಅದನ್ನು ಸರಿಯಾಗಿ ಬರೆದದ್ದಿಲ್ಲ.